ತೂಸ್‌ಗೆ ಮರಳಿದ ಗಝಾಲಿ

ಇಮಾಮ್ ಗಝಾಲಿ(ರ)ಯವರ ಕತೆಯನ್ನು ನಾವು ಮೊದಲು ಕೇಳಿದ್ದು ಉರ್ದು ಶಾಲೆಯಲ್ಲಿ. ಬಗ್ದಾದಿನ ಅತಿ ದೊಡ್ಡ ವಿದ್ವಾಂಸರು ಒಂದು ದಿನ ಪದವಿ, ಸಂಬಳ, ಸನ್ಮಾನ ಎಲ್ಲವನ್ನೂ ಬಿಟ್ಟು ಫಕೀರರಾಗಿ ಹೊರಟುಹೋದರು. ಅಲ್ಲಿಗೆ ಉಸ್ತಾದರ ಕತೆ ಮುಗಿಯುತ್ತಿತ್ತು. ಮುಂದೆ ಕನ್ನಡ ತರಗತಿಯಲ್ಲಿ ಬುದ್ಧನ ಪಾಠ ಬಂದಾಗ ಇದೂ ಅದೂ ಒಂದೇ ಜಾತಿಯ ಕತೆ ಎಂದುಕೊಂಡೆವು. ನಲವತ್ತು ದಾಟಿ, ದಿನಸಿ ಅಂಗಡಿಯ ಲೆಕ್ಕ ಮತ್ತು ಮಕ್ಕಳ ಫೀಸು ತಲೆಯ ಮೇಲೆ ಕುಳಿತ ಬಳಿಕ ಗಝಾಲಿಯವರ ಆತ್ಮಕಥನವನ್ನು ಮತ್ತೆ ತೆರೆದೆವು. ಉಸ್ತಾದರು ನಮಗೆ ಹೇಳಿದ್ದು ಅರ್ಧ ಕತೆ ಮಾತ್ರ ಎಂದು ಆಗ ತಿಳಿಯಿತು.

ಗಝಾಲಿಯವರು ಹುಟ್ಟಿದ್ದು 1058ರ ಸುಮಾರಿಗೆ, ಖುರಾಸಾನಿನ ತೂಸ್‌ನಲ್ಲಿ. ಇಂದಿನ ಇರಾನಿನ ಮಶ್‌ಹದ್ ನಗರಕ್ಕೆ ಸಮೀಪದ ಊರು ಅದು. ತಂದೆ ಉಣ್ಣೆ ನೂತು ಮಾರುತ್ತಿದ್ದ ಬಡವರೆಂದು ಹಳೆಯ ಚರಿತ್ರೆಕಾರರು ಬರೆದಿದ್ದಾರೆ. ಸಾಯುವ ಮುನ್ನ ಅವರು ಇಬ್ಬರು ಗಂಡುಮಕ್ಕಳನ್ನು ಒಬ್ಬ ಸೂಫಿ ಗೆಳೆಯನಿಗೆ ಒಪ್ಪಿಸಿದರಂತೆ. ಇಟ್ಟುಹೋದ ಹಣ ಮುಗಿದಾಗ ಆ ಗೆಳೆಯ, ಮದ್ರಸಕ್ಕೆ ಸೇರಿಕೊಳ್ಳಿ, ಊಟಕ್ಕಾದರೂ ದಾರಿಯಾದೀತು ಎಂದು ಹೇಳಿ ಕಳಿಸಿದರಂತೆ. ಹೀಗೆ ಹೊಟ್ಟೆಪಾಡಿಗೆ ಹಿಡಿದ ವಿದ್ಯೆ ಅವರನ್ನು ನಿಶಾಪುರದಲ್ಲಿ ಇಮಾಮ್ ಜುವೈನಿಯವರ ಶಿಷ್ಯರನ್ನಾಗಿ ಮಾಡಿತು. ಅಲ್ಲಿಂದ ಸೆಲ್ಜುಕ್ ಸಾಮ್ರಾಜ್ಯದ ವಝೀರ್ ನಿಝಾಮುಲ್ ಮುಲ್ಕ್‌ರ ಆಸ್ಥಾನ. 1091ರಲ್ಲಿ ಬಗ್ದಾದಿನ ನಿಝಾಮಿಯ್ಯಾ ಮದ್ರಸದ ಪೀಠ. ಆಗ ಅವರಿಗೆ ಮೂವತ್ತನಾಲ್ಕು ವರ್ಷ ತುಂಬಿತ್ತೋ ಇಲ್ಲವೋ!

ಬಗ್ದಾದಿನ ಆ ನಾಲ್ಕು ವರ್ಷಗಳಲ್ಲಿ ಅವರು ಮಾಡಿದ ಕೆಲಸವನ್ನು ನೆನೆದರೆ ನಮಗೇ ದಣಿವಾಗುತ್ತದೆ. ಮುನ್ನೂರು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದೆ ಎಂದು ಅವರೇ ಬರೆದಿದ್ದಾರೆ. ಪಾಠ, ಬರವಣಿಗೆಗಳ ನಡುವೆ ಕದ್ದ ಗಳಿಗೆಗಳಲ್ಲಿ, ಗುರುವಿಲ್ಲದೆ, ಎರಡು ವರ್ಷದೊಳಗೆ ಗ್ರೀಕ್ ಮೂಲದ ತತ್ವಶಾಸ್ತ್ರವನ್ನು ಓದಿ ಮುಗಿಸಿದರು. ಮತ್ತೊಂದು ವರ್ಷ ಅದನ್ನೇ ಮಥಿಸಿದರು. ಅದರ ಖಂಡನೆಗಾಗಿ ಬರೆದ ‘ತಹಾಫುತುಲ್ ಫಲಾಸಿಫಾ’ 1095ರ ಆರಂಭದಲ್ಲಿ ಪೂರ್ಣಗೊಂಡಿತು. ಈ ನಡುವೆ 1092ರಲ್ಲಿ ಆಶ್ರಯದಾತ ವಝೀರರ ಕೊಲೆಯಾಯಿತು. ಕೆಲವೇ ವಾರಗಳಲ್ಲಿ ಸುಲ್ತಾನ್ ಮಲಿಕ್ ಶಾ ಕೂಡ ತೀರಿಹೋದ. ಸಾಮ್ರಾಜ್ಯ ಅಲುಗಾಡುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಒಳಗಿನ ಒಂದು ಪ್ರಶ್ನೆ ಅವರನ್ನು ಕೊರೆಯುತ್ತಿತ್ತು. ನಾನು ಪಾಠ ಹೇಳುತ್ತಿರುವುದು ಅಲ್ಲಾಹನಿಗಾಗಿಯೋ, ಹೆಸರಿಗಾಗಿಯೋ?

1095ರ ಜುಲೈ, ಹಿಜರಿ 488ರ ರಜಬ್ ತಿಂಗಳು. ಸುಮಾರು ಆರು ತಿಂಗಳು ಹೋಗಲೋ ಇರಲೋ ಎಂದು ತೂಗಾಡಿದರು. ಬೆಳಗ್ಗೆ ಹೊರಡಬೇಕೆಂಬ ನಿರ್ಧಾರ, ಸಂಜೆಗೆ ಬೇಡವೆಂಬ ಸಬೂಬು. ಕೊನೆಗೆ ದೇಹವೇ ತೀರ್ಪು ಕೊಟ್ಟಿತು. ನಾಲಿಗೆ ಕಟ್ಟಿಹೋಯಿತು. ವಿದ್ಯಾರ್ಥಿಗಳ ಮನ ನೋಯಿಸಬಾರದೆಂದು ಒಂದು ದಿನವಾದರೂ ಪಾಠ ಹೇಳಲು ಯತ್ನಿಸಿದರು. ಒಂದು ಶಬ್ದವೂ ಹೊರಡಲಿಲ್ಲ. ಒಂದು ಗುಟುಕು ಗಂಜಿ ಇಳಿಯದು, ಒಂದು ತುತ್ತು ಅರಗದು. ಕಾಯಿಲೆ ಮನಸ್ಸಿನಲ್ಲಿದೆ, ಮನಸ್ಸಿಗೆ ಸಮಾಧಾನವಾಗದೆ ಮದ್ದಿಲ್ಲ ಎಂದು ಹಕೀಮರು ಕೈಚೆಲ್ಲಿದರು. ಒಂಬೈನೂರು ವರ್ಷಗಳ ಹಿಂದಿನ ಈ ವಿವರಗಳನ್ನು ಓದುವಾಗ ಇಂದಿನ ಯಾವುದೋ ಆಸ್ಪತ್ರೆಯ ಚೀಟಿ ಓದಿದಂತಾಗುತ್ತದೆ.

ಅದೇ ವರ್ಷದ ನವೆಂಬರ್‌ನಲ್ಲಿ ಹಜ್ಜ್‌ಗೆ ಹೋಗುತ್ತೇನೆಂದು ಹೇಳಿ ಅವರು ಶಾಮ್ ದೇಶದ ದಾರಿ ಹಿಡಿದರು. ಉಸ್ತಾದರು ಕೈಬಿಟ್ಟಿದ್ದ ಸಣ್ಣ ಸಂಗತಿಯೊಂದು ಇಲ್ಲಿದೆ. ಆಸ್ತಿಯನ್ನು ಹಂಚುವಾಗ ತಮಗೆ ಬೇಕಾದಷ್ಟನ್ನೂ, ಮಕ್ಕಳ ಅನ್ನಕ್ಕೆ ಬೇಕಾದಷ್ಟನ್ನೂ ಅವರು ಉಳಿಸಿಕೊಂಡಿದ್ದರು. ಇರಾಕಿನ ವಕ್ಫ್ ಆದಾಯ ವಿದ್ವಾಂಸನೊಬ್ಬನ ಕುಟುಂಬ ಪೋಷಣೆಗೆ ಒಳ್ಳೆಯ ಹಣವೆಂಬ ವಿವರಣೆಯನ್ನೂ ಕೊಡುತ್ತಾರೆ. ಎಲ್ಲವನ್ನೂ ಬಿಟ್ಟು ಹೊರಟವರು ಮನೆಯ ಅಕ್ಕಿಯನ್ನು ಮರೆತಿರಲಿಲ್ಲ.

ದಮಾಸ್ಕಸ್‌ನ ಉಮಯ್ಯಾ ಮಸೀದಿಯ ಮಿನಾರ ಹತ್ತಿ, ಬಾಗಿಲು ಹಾಕಿಕೊಂಡು ಹಗಲಿಡೀ ಏಕಾಂತದಲ್ಲಿ ಕೂರುತ್ತಿದ್ದರು. ಆಮೇಲೆ ಬೈತುಲ್ ಮುಕದ್ದಸ್, ಹೆಬ್ರಾನ್, ಹಜ್ಜ್. ಹೆಬ್ರಾನ್‌ನಲ್ಲಿ ಪ್ರವಾದಿ ಇಬ್ರಾಹೀಮ್(ಅ)ರ ಸಮಾಧಿಯ ಬಳಿ ಮೂರು ಪ್ರತಿಜ್ಞೆ ಮಾಡಿದರು: ದೊರೆಗಳ ಆಸ್ಥಾನಕ್ಕೆ ಹೋಗುವುದಿಲ್ಲ, ಸರಕಾರದ ಹಣ ಪಡೆಯುವುದಿಲ್ಲ, ವಾದಕ್ಕಿಳಿಯುವುದಿಲ್ಲ. ಮಕ್ಕಳ ಕರೆ ಅವರನ್ನು ಊರಿಗೆ ಎಳೆದದ್ದು ಇದಾದ ಮೇಲೆ. ಇನ್ನು ಮರಳಲಾರೆ ಎಂದುಕೊಂಡಿದ್ದವನು ಮರಳಿದೆ ಎಂದು ತಾವೇ ಒಪ್ಪಿಕೊಂಡಿದ್ದಾರೆ. ಊರಲ್ಲೂ ಏಕಾಂತ ಅರಸಿದರು. ಆದರೆ ಸಂಸಾರದ ಚಿಂತೆ, ಜೀವನೋಪಾಯದ ತಾಪತ್ರಯ ಅದನ್ನು ಆಗಾಗ ಕದಡುತ್ತಿದ್ದವು. ಸುಮಾರು ಹತ್ತು ವರ್ಷ ಹೀಗೆಯೇ, ಬಿಟ್ಟು ಬಿಟ್ಟು ಸಿಕ್ಕ ಏಕಾಂತ.

‘ಇಹ್ಯಾ ಉಲೂಮಿದ್ದೀನ್’ ರೂಪುಗೊಂಡದ್ದು ಈ ಅವಧಿಯಲ್ಲಿ. ಅದರಲ್ಲಿರುವ ನಲವತ್ತು ಗ್ರಂಥಗಳಲ್ಲಿ ಹತ್ತನೆಯದು ನಮಗೆ ಅಚ್ಚುಮೆಚ್ಚು. ಅದು ವಿರ್ದ್‌ಗಳ, ಅಂದರೆ ದಿನಕ್ಕೆ ಇಷ್ಟೆಂದು ಗೊತ್ತುಮಾಡಿಕೊಂಡ ನಿತ್ಯದ ಆರಾಧನೆಗಳ ಕುರಿತದ್ದು. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಎಂಟು ಗಂಟೆ ನಿದ್ದೆ ಮಿತವಾದದ್ದು ಎಂದು ಅಲ್ಲಿ ಲೆಕ್ಕ ಹಾಕಿದ್ದಾರೆ. ಆರಾಧಕ, ವಿದ್ವಾಂಸ, ವಿದ್ಯಾರ್ಥಿ, ಕಸುಬುದಾರ, ಆಡಳಿತಗಾರ ಎಲ್ಲರಿಗೂ ಒಂದೇ ಅಳತೆ ಇಲ್ಲ. ಸಂಸಾರವಿರುವ ಕಸುಬುದಾರ ಹೆಂಡತಿ ಮಕ್ಕಳನ್ನು ಉಪವಾಸ ಕೆಡವಿ ಹೊತ್ತನ್ನೆಲ್ಲ ಆರಾಧನೆಯಲ್ಲಿ ಕಳೆಯುವಂತಿಲ್ಲ; ದುಡಿಯುವ ವೇಳೆಯಲ್ಲಿ ಪೇಟೆಗೆ ಹೋಗಿ ಕೂರುವುದೇ ಅವನ ವಿರ್ದ್. ಕೈ ಕೆಲಸ ಮಾಡುವಾಗ ನಾಲಿಗೆ ಅಲ್ಲಾಹನನ್ನು ನೆನೆಯಬಹುದಲ್ಲ! ಅಗತ್ಯಕ್ಕಿಂತ ಹೆಚ್ಚು ದುಡಿದು ಉಳಿದದ್ದನ್ನು ದಾನ ಮಾಡಿದರೆ ಅದು ಉಳಿದ ವಿರ್ದ್‌ಗಳಿಗಿಂತ ಮೇಲು ಎಂದೂ ಸೇರಿಸಿದ್ದಾರೆ.

ನಮ್ಮ ಬೀದಿಯಲ್ಲಿ ಒಬ್ಬ ದರ್ಜಿಯಿದ್ದ. ತನ್ನನ್ನು ತಿದ್ದಿಕೊಳ್ಳಬೇಕೆಂಬ ಹುಮ್ಮಸ್ಸು ಒಮ್ಮೆಲೇ ಹತ್ತಿತು. ರಾತ್ರಿಯಿಡೀ ನಮಾಝ್, ಹಗಲು ಉಪವಾಸ, ಅಂಗಡಿಯ ಶಟರ್ ಕೆಳಗೆ. ಹೆಂಡತಿ ಬೀಡಿ ಕಟ್ಟಿ ಮನೆ ನಡೆಸಿದಳು. ಆರೇ ತಿಂಗಳಲ್ಲಿ ಅವನಿಗೆ ಹೊಲಿಗೆಯೂ ಬೇಡವಾಯಿತು, ಮಸೀದಿಯೂ ಬೇಡವಾಯಿತು. ಆ ಆರು ತಿಂಗಳು ಅವನನ್ನು ಹೊಗಳಿದವರಲ್ಲಿ ನಾವೂ ಇದ್ದೆವು. ಎಷ್ಟೋ ಕಾಲದ ಮೇಲೆ, ಅವನು ಮತ್ತೆ ಹೊಲಿಯತೊಡಗಿದಾಗ, ಗಝಾಲಿಯವರ ಈ ಮಾತನ್ನು ತಿಳಿಸಿದೆವು. “ಆಗಲೇ ಯಾಕೆ ಹೇಳಲಿಲ್ಲ, ಸಾಬ್?” ಎಂದ. ನಮ್ಮಲ್ಲಿ ಉತ್ತರವಿರಲಿಲ್ಲ. ನಮಗೂ ಆಗ ಬಗ್ದಾದ್ ಬಿಟ್ಟ ಗಝಾಲಿ ಮಾತ್ರ ಗೊತ್ತಿದ್ದರು.

ಅಂತಹ ಗಝಾಲಿಯವರೇ 1106ರಲ್ಲಿ ಪುನಃ ಪಾಠ ಹೇಳಲು ನಿಶಾಪುರಕ್ಕೆ ಹೋದರು. ಕರೆಸಿದವರು ನಿಝಾಮುಲ್ ಮುಲ್ಕ್‌ರ ಮಗ, ವಝೀರ್ ಫಖ್ರುಲ್ ಮುಲ್ಕ್. ನಿಝಾಮಿಯ್ಯಾ ಎಂದರೆ ಸರಕಾರದ ನೆರಳಿನ ಸಂಸ್ಥೆಯೇ. ಹೆಬ್ರಾನ್‌ನ ಪ್ರತಿಜ್ಞೆ ಇದರಿಂದ ಸಡಿಲಾಯಿತೆಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪ ಪೂರ್ತಿ ಸುಳ್ಳೆಂದು ನಮಗೂ ಅನಿಸುವುದಿಲ್ಲ. ಹಿಂದೆ ಸ್ಥಾನ ಗಳಿಸಿಕೊಡುವ ವಿದ್ಯೆಯನ್ನು ಕಲಿಸುತ್ತಿದ್ದೆ, ಈಗ ಸ್ಥಾನವನ್ನು ಬಿಡಿಸುವ ವಿದ್ಯೆಯನ್ನು ಕಲಿಸುತ್ತೇನೆ ಎಂಬುದು ಅವರ ಸಮರ್ಥನೆ.

ಅಲ್ಲೂ ಬಹುಕಾಲ ನಿಲ್ಲಲಿಲ್ಲ. ತೂಸ್‌ಗೆ ಬಂದು ಮನೆಯ ಪಕ್ಕದಲ್ಲೇ ಒಂದು ಮದ್ರಸ, ಸೂಫಿಗಳಿಗೊಂದು ಖಾನ್‌ಖಾ ಕಟ್ಟಿಕೊಂಡರು. ಅವರನ್ನು ಕಂಡಿದ್ದ ನಿಶಾಪುರದ ಅಬ್ದುಲ್ ಗಾಫಿರ್ ಬರೆದಿರುವಂತೆ ದಿನದ ಹೊತ್ತನ್ನು ಪಾಲು ಮಾಡಿಕೊಂಡಿದ್ದರು: ಕುರ್‌ಆನ್ ಪಾರಾಯಣಕ್ಕಿಷ್ಟು, ಸಜ್ಜನರ ಒಡನಾಟಕ್ಕಿಷ್ಟು, ಪಾಠಕ್ಕಿಷ್ಟು. ಕೊನೆಯ ವರ್ಷಗಳಲ್ಲಿ ಬಗ್ದಾದಿನಿಂದ ಮತ್ತೆ ಕರೆ ಬಂತು, ಅದೇ ಪೀಠಕ್ಕೆ. ಬರಲಾಗದೆಂದು ಫಾರ್ಸಿಯಲ್ಲಿ ಪತ್ರ ಬರೆದರು. ಇಲ್ಲಿ ನೂರೈವತ್ತು ವಿದ್ಯಾರ್ಥಿಗಳಿದ್ದಾರೆ, ಅವರನ್ನು ಬಗ್ದಾದಿಗೆ ಕರೆತರಲಾಗದು. ಹಿಂದೆ ಕರೆದಾಗ ನಾನು ಒಂಟಿ, ಈಗ ಸಂಸಾರವಂದಿಗ. ಹೆಬ್ರಾನ್‌ನ ಪ್ರತಿಜ್ಞೆಯೂ ಇದೆ.

1111ರ ಡಿಸೆಂಬರ್‌ನಲ್ಲಿ ತೂಸ್‌ನಲ್ಲೇ ತೀರಿಕೊಂಡರು.