ಹಂಚಿನ ಮೇಲಿನ ಹೆಸರು: ವಿದೇಶಿ ಒಡೆತನ, ರಫ್ತು ಮತ್ತು ಮಂಗಳೂರಿನ ಕಾರ್ಖಾನೆ

ಕನ್ನಡ ಎಂ.ಎ. ಓದುವವರಿಗೆ ಅರ್ಥಶಾಸ್ತ್ರದಲ್ಲಿ ಏನು ಕೆಲಸ ಅಂತ ನೀವು ಕೇಳಬಹುದು. ಕಿಟೆಲ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್‌ನಿಂದ ಹೊರಬಂತು. ಕಾಸರಗೋಡಿನ ನಮ್ಮ ಹಳೆಮನೆಯ ಹಂಚಿನ ಮೇಲೆ ಒತ್ತಿದ ಹೆಸರೂ ಅದೇ. ಮಾಡು ಇಳಿಸುವಾಗ ಒಂದು ಹಂಚು ತೆಗೆದಿಟ್ಟುಕೊಂಡೆ. ಅದರಲ್ಲಿ 1865 ಎಂದಿದೆ. ಅಜ್ಜ ಅದನ್ನೇ ಹಂಚಿನ ಪ್ರಾಯ ಅಂತ ನಂಬಿದ್ದರು. ಅದು ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷವಲ್ಲ.

ಬಡ ದೇಶಗಳಲ್ಲಿ ವಿದೇಶಿ ಒಡೆತನದ ರಫ್ತು ಕಂಪನಿಗಳು ಸ್ಥಳೀಯ ಕಂಪನಿಗಳಿಗಿಂತ ಹೆಚ್ಚು ಉತ್ಪಾದಿಸುತ್ತವೆ ಎನ್ನುವ ಮಾತಿದೆ. ಅದು ಒಡೆತನದ ಗುಣವೋ, ಒಡೆಯನ ಜೊತೆ ಬಂದ ಯಂತ್ರ, ಬಂಡವಾಳ, ಮಾರುಕಟ್ಟೆಯ ಗುಣವೋ? ಜೆಪ್ಪುವಿನ ಹಂಚಿನ ಕಾರ್ಖಾನೆ ಇದಕ್ಕೆ ಒಳ್ಳೆಯ ಪರೀಕ್ಷೆ.

ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ಮತಾಂತರಗೊಂಡವರು ಮನೆ, ಕುಲಕಸುಬು ಎರಡನ್ನೂ ಕಳಕೊಳ್ಳುತ್ತಿದ್ದರು. ಅವರಿಗೊಂದು ಜೀವನೋಪಾಯ ಬೇಕಿತ್ತು. ಮೊದಲು ನೇಯ್ಗೆ, ಆಮೇಲೆ ಹಂಚು. ಮುದ್ರಣಾಲಯದ ಕೆಲಸಕ್ಕೆ ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ಇಲ್ಲಿನ ಹೊಳೆಬದಿಯ ಆವೆಮಣ್ಣು ನೋಡಿ ಹಂಚಿನ ಕೆಲಸಕ್ಕೆ ಇಳಿದ. ಒಂದಕ್ಕೊಂದು ಕಚ್ಚಿಕೊಳ್ಳುವ ಆ ಮಾದರಿ ಅವನದ್ದಲ್ಲ, ಫ್ರಾನ್ಸಿನ ಗಿಲಾರ್ಡೊನಿ ಸಹೋದರರು 1841ರಲ್ಲಿ ಹಕ್ಕು ಪಡೆದದ್ದು. ಅಂದರೆ ಮಾದರಿ ಫ್ರೆಂಚ್, ತಂತ್ರಜ್ಞ ಜರ್ಮನ್, ಹಣ ಸ್ವಿಸ್, ಮಣ್ಣು ಮತ್ತು ಬೆವರು ನಮ್ಮದು. ಹೆಸರು ಮಾತ್ರ ‘ಮಂಗಳೂರು ಹಂಚು’!

1859ರಲ್ಲಿ ಬಾಸೆಲ್‌ನಲ್ಲಿ ಸ್ಥಾಪನೆಯಾದ ವ್ಯಾಪಾರ ಕಂಪನಿಯ ಹಿಂದೆ ಷೇರುದಾರರಿದ್ದರು. ಹೊಸ ಕೆಲಸ ಕೈಕೊಟ್ಟರೆ ತಡೆದುಕೊಳ್ಳುವ ಶಕ್ತಿ ಅಲ್ಲಿಂದ ಬಂತು. ಊರಿನ ಕುಂಬಾರನಿಗೆ ಅದು ಎಲ್ಲಿತ್ತು? ಹಂಚು ಸಮುದ್ರ ದಾಟಿ ಏಡನ್, ಪೂರ್ವ ಆಫ್ರಿಕದ ತನಕ ಹೋಯ್ತು. ಕಲ್ಲಿಕೋಟೆ, ಪಾಲಕ್ಕಾಡ್‌ಗಳಲ್ಲೂ ಕಾರ್ಖಾನೆಗಳೆದ್ದವು.

ನನಗೆ ಮುಖ್ಯ ಅನಿಸುವುದು ಮುಂದಿನದು. ಕೆಲವೇ ವರ್ಷಗಳಲ್ಲಿ ಆಲ್ಬುಕರ್ಕ್ ಕುಟುಂಬದ ಕಾರ್ಖಾನೆ ಬಂತು, ಆಮೇಲೆ ಸಾಲುಸಾಲಾಗಿ ಇತರರದ್ದು. ಯಂತ್ರವನ್ನು ಕೊಳ್ಳಬಹುದಿತ್ತು, ಮಣ್ಣು ಎಲ್ಲರಿಗೂ ಸಿಗುತ್ತಿತ್ತು, ಸುಡುವ ಹದ ಬಲ್ಲ ಕೈಗಳು ಊರಲ್ಲೇ ಇದ್ದವು. ಹಾಗಾಗಿ ಉತ್ಪಾದಕತೆ ಒಡೆತನಕ್ಕೆ ಅಂಟಿಕೊಂಡಿರಲಿಲ್ಲ ಅಂತ ನನ್ನ ವಾದ. ಮೊದಲ ಅಪಾಯವನ್ನು ಮೈಮೇಲೆ ಹಾಕಿಕೊಳ್ಳಲು ಮಾತ್ರ ವಿದೇಶಿ ಒಡೆಯ ಬೇಕಾಯಿತು.

ಒಂದನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಮಿಶನ್ನಿನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡಿತು. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ, ಆದರೂ ಮಿಶನರಿಗಳಲ್ಲಿ ಜರ್ಮನರು ಬಹಳ. ಯುದ್ಧದ ನಂತರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಸೇರಿದವು. ಒಡೆಯ ಬದಲಾದರೂ ಹಂಚು ಬರುವುದು ನಿಲ್ಲಲಿಲ್ಲ.

ಒಂದು ಸಂಗತಿ ಉಳೀತು. ಉತ್ಪಾದಕತೆ ಅಂದರೆ ಒಬ್ಬರ ಒಂದು ದಿನದ ದುಡಿಮೆಗೆ ಎಷ್ಟು ಹಂಚು ಅನ್ನೋ ಲೆಕ್ಕ. ಆ ಒಬ್ಬರು ಮಣ್ಣು ಹೊತ್ತ ಹೆಂಗಸೂ ಆಗಿರಬಹುದು. ಹೆಚ್ಚಿದ ಹಂಚಿನಲ್ಲಿ ಅವಳ ಕೂಲಿ ಎಷ್ಟು ಹೆಚ್ಚಿತು ಅಂತ ಆ ಲೆಕ್ಕ ಹೇಳೋದಿಲ್ಲ. 1956ರ ತನಕ ಕಾಸರಗೋಡು ದಕ್ಷಿಣ ಕನ್ನಡದ್ದೇ ತಾಲೂಕು. ನಮ್ಮಲ್ಲಿ ಮುಳಿಹುಲ್ಲಿನ ಮಾಡಿಗೆ ಹಂಚು ಹಾಕಿಸುವುದು ಮನೆತನದ ಅಂತಸ್ತು. ಅದನ್ನು ಮಾಡಿದವರ ಮನೆ ಮೇಲೆ ಏನಿತ್ತು? ಪ್ರಶ್ನೋತ್ತರದಲ್ಲಿ ಅದನ್ನೇ ಮೊದಲು ಎತ್ತಿಕೊಳ್ಳೋಣ ಸರ್.