ಜೆಸಿಬಿ ಕರೆಸುವ ಮುನ್ನ: ಕೆಲಸ ಕೊಡುವವರು, ಮಾಲೀಕರು, ಆಪರೇಟರ್‌ಗಳು ತಿಳಿದಿರಬೇಕಾದ್ದು

ಮನೆಗೆ ಪಾಯ ತೆಗೆಯಬೇಕು, ಅಂಗಡಿ ಮುಂದಿನ ಚರಂಡಿ ಬಿಡಿಸಬೇಕು, ತೋಟದಲ್ಲಿ ಕೃಷಿ ಹೊಂಡ ತೋಡಬೇಕು ಅಂದರೆ ಈಗ ಮೊದಲ ಫೋನ್ ಹೋಗುವುದು ಜೆಸಿಬಿಯವರಿಗೆ. ಅದು 1945ರಲ್ಲಿ ಇಂಗ್ಲೆಂಡಿನಲ್ಲಿ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಶುರು ಮಾಡಿದ ಕಂಪನಿಯ ಹೆಸರು. ನಮ್ಮ ಕಡೆ ಮಾತ್ರ ಮುಂದೆ ಅಗಲ ಬಕೆಟ್, ಹಿಂದೆ ಉದ್ದ ತೋಳು ಇರುವ ಟೈರ್ ಗಾಡಿ ಯಾವ ಕಂಪನಿಯದಾದರೂ ಜೆಸಿಬಿಯೇ, ಚೈನ್ ಮೇಲೆ ಓಡುವುದೆಲ್ಲ ಹಿಟಾಚಿಯೇ.

ಹೆಸರು ಏನೇ ಇರಲಿ, ಏಳೂವರೆ ಟನ್ ಆಸುಪಾಸು ತೂಗುವ ಈ ಗಾಡಿಯ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕಿರುವುದು ಕ್ಯಾಬಿನ್ ಒಳಗೆ ಕುಳಿತವನಿಗಿಂತ ಸುತ್ತ ನಿಂತವರಿಗೆ. ಬಾಡಿಗೆ ಗಂಟೆ ಲೆಕ್ಕದ್ದು. ಮೀಟರ್ ಓಡ್ತಾ ಇದೆ ಅನ್ನುವ ಅವಸರಕ್ಕೆ ಮಾಲೀಕರೂ ಬೀಳುತ್ತಾರೆ, ಕೆಲಸ ಕೊಟ್ಟವರೂ ಬೀಳುತ್ತಾರೆ. ಗಾಡಿ ಬರುವ ಹಿಂದಿನ ದಿನವೇ ಜಾಗ ನೋಡಿಟ್ಟುಕೊಂಡರೆ ಈ ಅವಸರ ಅರ್ಧ ತಪ್ಪುತ್ತದೆ.

ಮೇಲೆ ವೈರ್, ಕೆಳಗೆ ಪೈಪ್

ಮೊದಲು ತಲೆ ಎತ್ತಿ ನೋಡಿ. ಹಳ್ಳಿ ಕಡೆ ಹೊಲದ ಮೇಲೆ ಹಾದುಹೋಗುವ ಲೈನ್ ಬಹುತೇಕ 11 ಕೆವಿಯದು. ಹಿಂದಿನ ತೋಳು ಪೂರ್ತಿ ಮೇಲೆದ್ದರೆ ಅದಕ್ಕೆ ನಿಲುಕಬಹುದು. ಹೈಟೆನ್ಷನ್ ವೈರ್ ತಾಗಲೇಬೇಕು ಅಂತಿಲ್ಲ, ತೀರಾ ಹತ್ತಿರ ಹೋದರೂ ಕರೆಂಟ್ ಹಾರಿ ಬರುತ್ತದೆ. ಕನಿಷ್ಠ 10 ಅಡಿ ಅಂತರ ಬಿಡಲೇಬೇಕು. ಅಷ್ಟು ಜಾಗ ಇಲ್ಲ ಅಂದರೆ ಸೆಕ್ಷನ್ ಆಫೀಸಿಗೆ ಮೊದಲೇ ತಿಳಿಸಿ, ಲೈನ್ ಆಫ್ ಮಾಡಿಸಿಕೊಂಡೇ ಕೆಲಸ ಶುರು ಮಾಡಬೇಕು. ವಿದ್ಯುತ್ ಸಹಾಯವಾಣಿ 1912.

ಇಷ್ಟಾಗಿಯೂ ವೈರ್ ತಾಗಿದರೆ ಆಪರೇಟರ್ ಇಳಿಯಬಾರದು. ಸಾಧ್ಯವಾದರೆ ತೋಳನ್ನು ಮೆಲ್ಲಗೆ ವೈರ್‌ನಿಂದ ಬಿಡಿಸಿ, ಸೀಟಿನಲ್ಲೇ ಕುಳಿತಿರಬೇಕು. ಲೈನ್ ಟ್ರಿಪ್ ಆಗಿ ಸುಮ್ಮನಾದಂತೆ ಕಂಡರೂ ಮತ್ತೆ ಚಾರ್ಜ್ ಆಗಬಹುದು. ಒಂದು ಕಾಲು ಗಾಡಿ ಮೇಲೆ, ಇನ್ನೊಂದು ನೆಲದ ಮೇಲೆ ಇಟ್ಟ ಕ್ಷಣವೇ ಕರೆಂಟಿಗೆ ಮೈ ದಾರಿಯಾಗುತ್ತದೆ. ಗಾಡಿಗೆ ಬೆಂಕಿ ಹತ್ತಿ ಇಳಿಯಲೇಬೇಕಾಗಿ ಬಂದರೆ ಎರಡೂ ಕಾಲು ಜೋಡಿಸಿ ದೂರಕ್ಕೆ ಜಿಗಿದು, ಪಾದ ಎತ್ತದೆ ಎಳೆಯುತ್ತಾ ಸಣ್ಣ ಹೆಜ್ಜೆಯಲ್ಲಿ ಸರಿಯಬೇಕು. ಕಾಪಾಡಲು ಅಂತ ಓಡಿ ಬಂದು ಗಾಡಿ ಮುಟ್ಟುವವರನ್ನು ತಡೆಯುವುದೇ ಸುತ್ತ ಇದ್ದವರ ಮೊದಲ ಕೆಲಸ.

ನೆಲದ ಕೆಳಗಿನದು ಕಣ್ಣಿಗೆ ಕಾಣದು. ಪೇಟೆ ಬೀದಿಯಲ್ಲಿ ಕುಡಿಯುವ ನೀರಿನ ಪೈಪ್, ಯುಜಿಡಿ, ಇಂಟರ್ನೆಟ್ ಕೇಬಲ್ ಎಲ್ಲ ಒಂದರ ಪಕ್ಕ ಒಂದು ಮಲಗಿರುತ್ತವೆ. ಅಗೆಯುವ ಮುನ್ನ ಕೇಬಲ್, ಪೈಪ್‌ಗಳ ಸಂಸ್ಥೆಗಳಿಗೆ ತಿಳಿಸಲು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿದೆ. ಅದರ ಜೊತೆಗೆ ವಾಟರ್‌ಮನ್‌ನನ್ನು ಒಮ್ಮೆ ಕರೆಸಿ ಕೇಳುವುದು ಒಳ್ಳೆಯದು. ನಕ್ಷೆಯಲ್ಲಿ ಇಲ್ಲದ್ದೂ ಅವನಿಗೆ ಗೊತ್ತಿರುತ್ತದೆ.

ಗುಂಡಿ ಅಂಚಿನಲ್ಲಿ ನಿಲ್ಲಬೇಡಿ

ಒಂದು ಘನ ಮೀಟರ್ ಮಣ್ಣು ಸುಮಾರು ಒಂದೂವರೆ ಟನ್ ತೂಗುತ್ತದೆ. ಎದೆಮಟ್ಟ ಕುಸಿದು ಹಿಡಿದುಕೊಂಡರೆ ಬಾಯಿ ಮೂಗು ಹೊರಗಿದ್ದರೂ ಉಸಿರು ಎಳೆಯಲಾಗುವುದಿಲ್ಲ. ಅದಕ್ಕೇ 5 ಅಡಿಗಿಂತ ಆಳದ ಕಾಲುವೆಗೆ ಪಕ್ಕಕ್ಕೆ ಹಲಗೆ-ಕಂಬದ ಆಸರೆ ಕೊಡಬೇಕು, ಇಲ್ಲ ಗೋಡೆಯನ್ನು ಇಳಿಜಾರಾಗಿ ಕಡಿಯಬೇಕು. ಎರಡೂ ಇಲ್ಲದಿದ್ದರೆ ಆಳು ಇಳಿಸಬಾರದು. ತೆಗೆದ ಮಣ್ಣನ್ನು ಅಂಚಿಗೇ ಸುರಿಯುವುದು ನಮ್ಮಲ್ಲಿ ಮಾಮೂಲು. ಆ ಭಾರಕ್ಕೇ ಗೋಡೆ ಜರಿಯುತ್ತದೆ. ಮಳೆ ಬಂದ ಮಾರನೇ ದಿನ, ಹಿಂದೆ ತೋಡಿ ಮುಚ್ಚಿದ ಸಡಿಲ ಮಣ್ಣಿನಲ್ಲಿ ಇನ್ನೂ ಹುಷಾರು. ಹಳೆ ಕಟ್ಟಡದ ಪಕ್ಕ ಪಾಯ ತೆಗೆಯುವಾಗ ಪಕ್ಕದವರ ಗೋಡೆಯ ಬುಡಕ್ಕಿಂತ ಆಳಕ್ಕೆ ಹೋದರೆ ಆ ಗೋಡೆಯೇ ಕೂರಬಹುದು. ಎಂಜಿನಿಯರ್‌ಗೆ ಕೊಡುವ ಫೀಸು ಗೋಡೆ ಮತ್ತೆ ಕಟ್ಟಿಸುವ ಖರ್ಚಿಗಿಂತ ಕಡಿಮೆ.

ಹಿಂದಿನ ತೋಳು ಎಡಕ್ಕೂ ಬಲಕ್ಕೂ ತಿರುಗುವಾಗ ಸಿಕ್ಕವರನ್ನು ಒರೆಸಿಕೊಂಡೇ ಹೋಗುತ್ತದೆ. ತೋಳು ತಲುಪುವಷ್ಟು ಜಾಗಕ್ಕೆ ಹಗ್ಗ ಕಟ್ಟಿ. ಜೆಸಿಬಿ ಬಂದರೆ ಮಕ್ಕಳು ಸೇರುವುದು ಇದ್ದದ್ದೇ, ದೊಡ್ಡವರೇನೂ ಕಡಿಮೆ ಇಲ್ಲ. ದಾರಿ ತೋರಿಸಲು ಒಬ್ಬನೇ ಹೆಲ್ಪರ್ ಇರಲಿ. ನಾಲ್ಕು ಜನ ನಾಲ್ಕು ಕಡೆಯಿಂದ ‘ಹಿಂದೆ ಬಾ, ಹಿಂದೆ ಬಾ’ ಅಂದರೆ ಆಪರೇಟರ್‌ಗೆ ಯಾರ ಮಾತೂ ಕೇಳಿಸುವುದಿಲ್ಲ. ಬ್ಯಾನರ್ ಕಟ್ಟಲು, ಹಾರ ಹಾಕಲು, ಕೊಂಬೆ ಕಡಿಯಲು ಬಕೆಟ್‌ನಲ್ಲಿ ಜನ ಹತ್ತಿಸುವುದು ಊರೂರಲ್ಲೂ ನಡೆಯುತ್ತದೆ. ಬಕೆಟ್ ಇರುವುದು ಮಣ್ಣಿಗೆ. ಹೋಸ್ ಪೈಪ್ ಒಂದು ಒಡೆದರೆ ತೋಳು ಧಡಕ್ಕನೆ ಕೆಳಗೆ.

ರಸ್ತೆಗೆ ಇಳಿಯುವ ಮುನ್ನ

ಈ ಗಾಡಿಗೆ ಬ್ರೇಕ್ ಪೆಡಲ್ ಎರಡು, ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು. ರಸ್ತೆಯಲ್ಲಿ ಓಡಿಸುವಾಗ ಎರಡನ್ನೂ ಪಟ್ಟಿಯಿಂದ ಜೋಡಿಸಬೇಕು. ಮರೆತು ಒಂದನ್ನೇ ತುಳಿದರೆ ಗಾಡಿ ಪಕ್ಕಕ್ಕೆ ಎಳೆದುಕೊಂಡು ಹೋಗುತ್ತದೆ. ಹಿಂದಿನ ತೋಳಿಗೆ ಲಾಕ್ ಹಾಕಬೇಕು, ಮುಂದಿನ ಬಕೆಟ್ ನೆಲದಿಂದ ಒಂದಡಿ ಎತ್ತರದಲ್ಲಿರಬೇಕು. ರಾತ್ರಿ ಹೋಗುವುದಾದರೆ ಹಿಂದಿನ ಲೈಟಿನ ಮೇಲಿನ ಕೆಸರು ಒರೆಸಿ.

ಗಾಡಿಯನ್ನೂ ಉಳಿಸಿಕೊಳ್ಳಬೇಕಲ್ಲ

ಸಾಲದ ಕಂತು ಕಟ್ಟುವ ಮಾಲೀಕರಿಗೆ ಗಾಡಿ ಎರಡು ದಿನ ನಿಂತರೂ ನಷ್ಟ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಎಂಜಿನ್ ಆಯಿಲ್, ಕೂಲಂಟ್, ಹೈಡ್ರಾಲಿಕ್ ಆಯಿಲ್ ಮಟ್ಟ ನೋಡಬೇಕು, ಪಿನ್‌ಗಳಿಗೆ ಗ್ರೀಸ್ ಹೊಡೆಯಬೇಕು. ಗ್ರೀಸ್ ಉಳಿಸಿದವರು ಕೊನೆಗೆ ಪಿನ್-ಬುಶ್ ಬದಲಿಸಲು ಅದರ ಎಷ್ಟೋ ಪಟ್ಟು ಖರ್ಚು ಮಾಡುತ್ತಾರೆ. ಬೇಸಿಗೆಯಲ್ಲಿ ರೇಡಿಯೇಟರ್‌ಗೆ ಕಟ್ಟಿದ ಧೂಳು ಊದಿಸಬೇಕು. ಟರ್ಬೊ ಎಂಜಿನ್ ಆದರೆ ಜೋರು ಕೆಲಸದ ನಂತರ ತಟ್ಟನೆ ಆಫ್ ಮಾಡದೆ ಎರಡು ಮೂರು ನಿಮಿಷ ಸ್ಲೋದಲ್ಲಿ ಬಿಡಬೇಕು.

ಹೋಸ್ ಪೈಪ್ ಎಲ್ಲಿ ಸೋರುತ್ತಿದೆ ಅಂತ ಬೆರಳಿಟ್ಟು ನೋಡುವ ಅಭ್ಯಾಸ ಮಾತ್ರ ಬೇಡವೇ ಬೇಡ. ಸೂಜಿಮೊನೆಯಷ್ಟು ತೂತಿನಿಂದ ಬರುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಕಾಣುತ್ತದೆ, ನೋವೂ ಆಗ ಜಾಸ್ತಿ ಇರುವುದಿಲ್ಲ. ತಡ ಮಾಡಿದರೆ ಬೆರಳನ್ನೇ ತೆಗೆಯಬೇಕಾಗಬಹುದು. ರಟ್ಟಿನ ತುಂಡು ಹಿಡಿದು ನೋಡಿ, ಚುಚ್ಚಿಕೊಂಡರೆ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೋಗಿ.

ಸಂಜೆ ನಿಲ್ಲಿಸುವಾಗ ಸಮತಟ್ಟು ಜಾಗ ನೋಡಿ, ಎರಡೂ ಬಕೆಟ್ ನೆಲಕ್ಕೆ ಇಳಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ ಕೀ ತೆಗೆದುಕೊಂಡು ಹೋಗಬೇಕು. ಟ್ಯಾಂಕ್‌ನಲ್ಲಿ ನೀರು ಕಟ್ಟದಿರಲು ಸಂಜೆಯೇ ಡೀಸೆಲ್ ತುಂಬಿಸಿ ಅನ್ನುತ್ತಾರೆ. ಊರ ಹೊರಗೆ ನಿಲ್ಲಿಸುವವರಿಗೆ ಆ ಮಾತು ಕೇಳಿದರೇ ನಗು ಬರುತ್ತದೆ. ಕ್ಯಾಪ್‌ಗೂ ಬ್ಯಾಟರಿ ಬಾಕ್ಸ್‌ಗೂ ಬೀಗ ಇದ್ದರೆ, ಪಕ್ಕದಲ್ಲಿ ಬೀದಿ ದೀಪ ಇದ್ದರೆ ತುಂಬಿಸಬಹುದು.

ಬಾಡಿಗೆಗೆ ಕರೆಸುವವರು ರೇಟ್ ಕೇಳುವಾಗಲೇ ಆರ್‌ಸಿ, ಚಾಲ್ತಿಯಲ್ಲಿರುವ ಇನ್ಶೂರೆನ್ಸ್, ಆಪರೇಟರ್‌ನ ಲೈಸೆನ್ಸ್ ಮೂರನ್ನೂ ಮೊಬೈಲ್‌ಗೆ ಕಳಿಸಲು ಹೇಳಿ. ಏನಾದರೂ ಆದಾಗ ಪೊಲೀಸರೂ ವಿಮೆಯವರೂ ಮೊದಲು ಕೇಳುವುದು ಇವನ್ನೇ.