ಶ್ವೇತಕುಬ್ಜವಿರುವ ನಿಕಟ ಜೋಡಿ ನಕ್ಷತ್ರಗಳು

ಒಂದು ಶ್ವೇತಕುಬ್ಜವೂ ಅದರ ಸಂಗಾತಿ ನಕ್ಷತ್ರವೂ ಕೆಲವು ದಿನಗಳಲ್ಲಿ, ಹಲವು ಸಲ ಕೆಲವೇ ಗಂಟೆ ಅಥವಾ ನಿಮಿಷಗಳಲ್ಲಿ, ಒಂದನ್ನೊಂದು ಸುತ್ತಿ ಮುಗಿಸುವ ವ್ಯವಸ್ಥೆಗಳಿಗೆ ಈ ಹೆಸರು. ಸಂಗಾತಿಯು ಸಾಮಾನ್ಯ ನಕ್ಷತ್ರವಾಗಿರಬಹುದು, ಮತ್ತೊಂದು ಶ್ವೇತಕುಬ್ಜವೂ ಆಗಿರಬಹುದು. ನೋವಾ ಮತ್ತು ಕುಬ್ಜ ನೋವಾಗಳು ಈ ಬಳಗದವು. ಟೈಪ್ ಒನ್-ಎ ಸೂಪರ್‌ನೋವಾಗಳು ಸಿಡಿಯುವುದೂ ಇಂಥ ಜೋಡಿಗಳಲ್ಲೇ ಎಂಬುದು ಈಗ ಬಹುಮಟ್ಟಿಗೆ ಒಪ್ಪಿತವಾದ ಮಾತು.

ಇವು ಜೋಡಿಗಳೆಂದು ಗೊತ್ತಾಗುವ ಎಷ್ಟೋ ಮೊದಲೇ ಇವುಗಳ ಸ್ಫೋಟಗಳು ಕಣ್ಣಿಗೆ ಬಿದ್ದಿದ್ದವು. 1855ರ ಡಿಸೆಂಬರಿನಲ್ಲಿ ಜಾನ್ ರಸೆಲ್ ಹೈಂಡ್ ಮಿಥುನ ರಾಶಿಯಲ್ಲಿ ಹೊಸದೊಂದು ತಾರೆಯನ್ನು ಕಂಡರು; ಅದೇ ಮೊದಲ ಕುಬ್ಜ ನೋವಾ ಯು ಜೆಮಿನೋರಮ್. ಮರುವರ್ಷ ಅದು ಮತ್ತೆ ಉಜ್ವಲವಾದದ್ದನ್ನು ಗಮನಿಸಿದವರು ನಾರ್ಮನ್ ಪಾಗ್ಸನ್. 1861ರಲ್ಲಿ ಮದರಾಸು ವೀಕ್ಷಣಾಲಯದ ಹೊಣೆ ಹೊತ್ತ ಪಾಗ್ಸನ್, 1863ರ ಮೇ ತಿಂಗಳಲ್ಲಿ ಅಲ್ಲಿಂದಲೇ ವೃಶ್ಚಿಕ ರಾಶಿಯ ಯು ಸ್ಕಾರ್ಪಿಯನ್ನು ಪತ್ತೆಹಚ್ಚಿದರು. ಕೆಲವೇ ದಿನಗಳಲ್ಲಿ ಮಸುಕಾಗಿ ಹೋದ ಆ ತಾರೆ 1906, 1936, 1979, 1987, 1999, 2010 ಮತ್ತು 2022ರಲ್ಲಿ ಮತ್ತೆ ಸ್ಫೋಟಿಸಿರುವುದು ದಾಖಲಾಗಿದೆ. ಅದರ ಕಕ್ಷೆಯ ಅವಧಿ 1.23 ದಿನ. ಮದರಾಸು ವೀಕ್ಷಣಾಲಯದ ಪರಂಪರೆ ಕೊಡೈಕನಾಲ್ ಮಾರ್ಗವಾಗಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಬಂದಿದೆ. ಇಂಥ ಮರುಕಳಿಸುವ ನೋವಾಗಳ ಅಧ್ಯಯನ ಅಲ್ಲಿ ಇಂದಿಗೂ ನಡೆದಿದೆ.

ಪಾಗ್ಸನ್ ನಂತರದ ತೊಂಬತ್ತು ವರ್ಷ ವೀಕ್ಷಣೆಗಳೇನೋ ರಾಶಿ ಬಿದ್ದವು, ಕಾರಣ ಮಾತ್ರ ತಿಳಿಯಲಿಲ್ಲ. 1930ರ ದಶಕದ ಆರಂಭದಲ್ಲಿ ಚಂದ್ರಶೇಖರ್ ಅವರು ಶ್ವೇತಕುಬ್ಜ ಸೂರ್ಯನ ಸುಮಾರು 1.4 ಪಟ್ಟಿಗಿಂತ ಭಾರವಾಗಿರಲಾರದು ಎಂದು ತೋರಿಸಿದ್ದರೂ ಅದಕ್ಕೂ ನೋವಾಗಳಿಗೂ ಇರುವ ನಂಟು ಆಗ ಸ್ಪಷ್ಟವಾಗಿರಲಿಲ್ಲ. 1954ರಲ್ಲಿ ಮರ್ಲ್ ವಾಕರ್, ಇಪ್ಪತ್ತು ವರ್ಷ ಹಿಂದೆ ಸ್ಫೋಟಿಸಿದ್ದ ಹರ್ಕ್ಯುಲಿಸ್ ನೋವಾದ ಬೆಳಕು 4 ಗಂಟೆ 39 ನಿಮಿಷಕ್ಕೊಮ್ಮೆ ಗ್ರಹಣದಿಂದ ಕುಂದುವುದನ್ನು ಕಂಡರು. ಅಲ್ಲಿರುವುದು ಜೋಡಿ ಎಂಬುದು ಖಚಿತವಾಯಿತು. ಹಾಗಾದರೆ ಉಳಿದವು? 1960ರ ದಶಕದ ಮೊದಲರ್ಧದಲ್ಲಿ ರಾಬರ್ಟ್ ಕ್ರಾಫ್ಟ್ ಒಂದೊಂದೇ ವರ್ಣಪಟಲ ಪರೀಕ್ಷಿಸಿ, ಜೋಡಿಯಾಗಿರುವುದು ಇವೆಲ್ಲದರ ಸಾಮಾನ್ಯ ಲಕ್ಷಣ ಎಂಬ ತೀರ್ಮಾನಕ್ಕೆ ಬಂದರು. ಸಂಗಾತಿಯ ಹೊರಪದರದಿಂದ ಅನಿಲ ಸೋರಿ ಶ್ವೇತಕುಬ್ಜದ ಸುತ್ತ ತಟ್ಟೆಯಾಗಿ ಸುಳಿಯುತ್ತದೆ, ಆಮೇಲೆ ಅದರ ಮೇಲೆ ಬೀಳುತ್ತದೆ. ತಟ್ಟೆಯ ಅಸ್ಥಿರತೆಯಿಂದ ಕುಬ್ಜ ನೋವಾ ಆಗುತ್ತದೆ. ಮೇಲ್ಮೈಯಲ್ಲಿ ಶೇಖರವಾದ ಜಲಜನಕ ಪರಮಾಣು ಸಮ್ಮಿಲನದಿಂದ ಭುಗಿಲೆದ್ದರೆ ನೋವಾ.

ಒಂದು ಒಗಟು ಬಿಡಿಸಿದ್ದರಿಂದ ಇನ್ನೂ ಕಠಿಣವಾದ ಒಗಟು ಎದುರಾಯಿತು. ಶ್ವೇತಕುಬ್ಜವೆಂದರೆ ಕೆಂಪು ದೈತ್ಯವೊಂದರ ಉಳಿದ ತಿರುಳು. ಆ ದೈತ್ಯ ತನ್ನ ಕಾಲದಲ್ಲಿ ಸೂರ್ಯನ ನೂರಾರು ಪಟ್ಟು ಹಿಗ್ಗಿದ್ದಿರಬೇಕು. ಆದರೆ ಇಂದು ಇಡೀ ಜೋಡಿಯೇ ಆ ದೈತ್ಯದೊಳಗೆ ಅಡಗಿಹೋಗುವಷ್ಟು ಚಿಕ್ಕದು. 1970ರಲ್ಲಿ ಪತ್ತೆಯಾದ ವಿ471 ಟೌರಿ ಇದಕ್ಕೆ ತಕ್ಕ ಉದಾಹರಣೆ. ರೋಹಿಣಿ ನಕ್ಷತ್ರದ ಆಸುಪಾಸಿನಲ್ಲಿ ಕಾಣುವ ಹಯಾಡೀಸ್ ಗುಚ್ಛದ ಈ ಜೋಡಿಯಲ್ಲಿ ಶ್ವೇತಕುಬ್ಜವು ಕಿತ್ತಳೆ ಬಣ್ಣದ ಸಂಗಾತಿಯನ್ನು 12.5 ಗಂಟೆಗೊಮ್ಮೆ ಸುತ್ತುತ್ತದೆ. ಅವುಗಳ ನಡುವಿನ ಅಂತರ ಸೂರ್ಯನ ತ್ರಿಜ್ಯದ ಮೂರೂಕಾಲು ಪಟ್ಟಿನಷ್ಟು. ಪ್ರತಿ ಸುತ್ತಿನಲ್ಲೂ ಶ್ವೇತಕುಬ್ಜ ಸುಮಾರು ಒಂದು ನಿಮಿಷದಲ್ಲಿ ಸಂಗಾತಿಯ ಹಿಂದೆ ಸರಿದು, ಮುಕ್ಕಾಲು ಗಂಟೆಗೂ ತುಸು ಹೆಚ್ಚು ಹೊತ್ತು ಮರೆಯಾಗಿರುತ್ತದೆ.

ಪೋಲೆಂಡಿನ ಬೋಹ್ದಾನ್ ಪಾಚಿನ್ಸ್ಕಿ 1976ರಲ್ಲಿ ಪ್ರಕಟವಾದ ಲೇಖನದಲ್ಲಿ ಉತ್ತರ ಕೊಟ್ಟರು. ದೈತ್ಯ ತನ್ನ ಸಂಗಾತಿಗೆ ಅನಿಲ ಸುರಿಯತೊಡಗಿದಾಗ ಕಕ್ಷೆ ಕುಗ್ಗುತ್ತದೆ, ಸುರಿತ ಮತ್ತೂ ಜೋರಾಗುತ್ತದೆ. ಅಷ್ಟನ್ನು ನುಂಗಲಾರದ ಸಂಗಾತಿ ಕಡೆಗೆ ದೈತ್ಯದ ಹೊದಿಕೆಯೊಳಗೇ ಸಿಲುಕುತ್ತದೆ. ತಿರುಳೂ ಸಂಗಾತಿಯೂ ಒಂದೇ ಹೊದಿಕೆಯಲ್ಲಿ ಸುತ್ತುತ್ತ ಒಳಸರಿದಂತೆ ಬಿಡುಗಡೆಯಾಗುವ ಶಕ್ತಿ ಆ ಹೊದಿಕೆಯನ್ನು ಹೊರಗಟ್ಟುತ್ತದೆ. ಇದಕ್ಕೆ ‘ಸಾಮಾನ್ಯ ಹೊದಿಕೆ’ ಹಂತ ಎಂಬ ಹೆಸರು ನಿಂತಿತು. ಅದೇ ಹೊತ್ತಿಗೆ ಏಬೆಲ್ 63 ಎಂಬ ಗ್ರಹರೂಪಿ ನೀಹಾರಿಕೆಯ ನಡುವೆ ಹನ್ನೊಂದು ಗಂಟೆ ಅವಧಿಯ ಜೋಡಿಯೊಂದು ಸಿಕ್ಕಿದ್ದು ಈ ಚಿತ್ರಕ್ಕೆ ಬಲ ತಂದಿತು: ಕಳಚಿದ ಹೊದಿಕೆ ಸುತ್ತಲೂ ಇನ್ನೂ ಹೊಳೆಯುತ್ತಿತ್ತು.

ಆದರೂ ಇದನ್ನು ಪೂರ್ಣ ಸಿದ್ಧಾಂತವೆನ್ನುವುದಕ್ಕಿಂತ ಶಕ್ತಿಯ ಜಮಾಖರ್ಚು ಎನ್ನುವುದೇ ಸರಿ. ಕಕ್ಷೆ ಕಳೆದುಕೊಂಡ ಶಕ್ತಿಯಲ್ಲಿ ಎಷ್ಟು ಪಾಲು ಹೊದಿಕೆಯನ್ನು ಕಳಚಲು ಖರ್ಚಾಯಿತು ಎಂಬುದನ್ನು ಆಲ್ಫಾ ಎಂಬ ಒಂದೇ ಅಂಕೆಯಲ್ಲಿ ತುಂಬಲಾಗುತ್ತದೆ. ಆ ಅಂಕೆ ಬರುವುದು ವೀಕ್ಷಣೆಯಿಂದಲೇ ಹೊರತು ಮೂಲತತ್ತ್ವದಿಂದಲ್ಲ. ಶ್ವೇತಕುಬ್ಜ ಮತ್ತು ಸಾಮಾನ್ಯ ನಕ್ಷತ್ರದ ಜೋಡಿಗಳನ್ನು ಲೆಕ್ಕ ಹಾಕಿದ 2010ರ ಅಧ್ಯಯನ ಅದಕ್ಕೆ 0.2ರಿಂದ 0.3ರ ಬೆಲೆ ಕೊಟ್ಟಿತು. ಎರಡೂ ಶ್ವೇತಕುಬ್ಜಗಳಾಗಿರುವ ಜೋಡಿಗಳಿಗೆ ಇದೇ ಲೆಕ್ಕ ಹೊಂದಲಿಲ್ಲ. ಅವು ಹಾಯ್ದ ಮೊದಲ ಹೊದಿಕೆ ಹಂತಕ್ಕೆ ಆಲ್ಫಾ ಋಣಸಂಖ್ಯೆಯಾಗಿ ಬರುತ್ತದೆಂದು 2000ದಲ್ಲಿ ನೆಲೆಮನ್ಸ್ ಮತ್ತು ಸಂಗಡಿಗರು ತೋರಿಸಿ, ಶಕ್ತಿಯ ಬದಲು ಕೋನೀಯ ಸಂವೇಗದ ಲೆಕ್ಕ ಮುಂದಿಟ್ಟರು. ವಿ471 ಟೌರಿಯೇ ಇನ್ನೊಂದು ತಕರಾರು ತೆಗೆದಿದೆ: ಅದರ ಶ್ವೇತಕುಬ್ಜ ಗುಚ್ಛದಲ್ಲೇ ಹೆಚ್ಚು ಭಾರದ್ದು, ಹಾಗಾಗಿ ಎಲ್ಲಕ್ಕಿಂತ ಮೊದಲು ಹುಟ್ಟಿ ತಣ್ಣಗಾಗಿರಬೇಕಿತ್ತು, ಆದರೆ ಎಲ್ಲಕ್ಕಿಂತ ಬಿಸಿಯಾಗಿದೆ. ಮೂಲದಲ್ಲಿ ಮೂರು ನಕ್ಷತ್ರಗಳಿದ್ದು ಎರಡು ಬೆರೆತುಹೋಗಿರಬಹುದು ಎಂಬುದು 2001ರಲ್ಲಿ ಬಂದ ಸೂಚನೆ.

ಹೊದಿಕೆ ಕಳಚಿದ ಮೇಲಿನ ಬದುಕು ಇದಕ್ಕಿಂತ ಸ್ಪಷ್ಟ. ಸಂಗಾತಿಯ ಕಾಂತೀಯ ಮಾರುತವೂ ಗುರುತ್ವ ಅಲೆಗಳೂ ಕಕ್ಷೆಯನ್ನು ಕುಗ್ಗಿಸುತ್ತ ಹೋಗುತ್ತವೆ. ಎರಡರಿಂದ ಮೂರು ಗಂಟೆ ಅವಧಿಯ ನೋವಾ ಜೋಡಿಗಳು ವಿರಳವಾಗಿರುವುದಕ್ಕೆ 1980ರ ದಶಕದ ಆರಂಭದಲ್ಲಿ ವಿವರಣೆ ಸಿಕ್ಕಿತು: ಮೂರು ಗಂಟೆಯ ಹೊತ್ತಿಗೆ ಕಾಂತೀಯ ತಡೆ ಕ್ಷೀಣಿಸಿ, ಸಂಗಾತಿ ಕುಗ್ಗಿ, ಅನಿಲದ ಸೋರಿಕೆ ನಿಲ್ಲುತ್ತದೆ, ಎರಡು ಗಂಟೆಗೆ ಇಳಿದಾಗ ಮತ್ತೆ ಶುರುವಾಗುತ್ತದೆ. ಸುಮಾರು 80 ನಿಮಿಷ ಕನಿಷ್ಠ ಮಿತಿ. ಅದನ್ನು ಮುಟ್ಟಿದ ಜೋಡಿಗಳ ಅವಧಿ ಆಮೇಲೆ ಏರತೊಡಗುತ್ತದೆ.

ಎರಡೂ ಶ್ವೇತಕುಬ್ಜಗಳಾದ ಜೋಡಿಗಳಿಗೆ ಆ ಮಿತಿಯಿಲ್ಲ. ಅವು ಡಿಕ್ಕಿಯಾಗಿ ಟೈಪ್ ಒನ್-ಎ ಸೂಪರ್‌ನೋವಾ ಆಗಬಹುದೆಂದು 1984ರಲ್ಲಿ ಐಬೆನ್ ಮತ್ತು ಟುಟುಕೋವ್ ಹಾಗೂ ಪ್ರತ್ಯೇಕವಾಗಿ ವೆಬ್ಬಿಂಕ್ ಸೂಚಿಸಿದಾಗ ಅಂಥ ನಿಕಟ ಜೋಡಿಯೊಂದೂ ದೃಢಪಟ್ಟಿರಲಿಲ್ಲ. ಮೊದಲನೆಯದು ಸಿಕ್ಕಿದ್ದು 1988ರಲ್ಲಿ, ಒಂದೂವರೆ ದಿನದ ಅವಧಿಯದು. 2019ರಲ್ಲಿ ವರದಿಯಾದ ಒಂದು ಜೋಡಿಯ ಅವಧಿ 6.91 ನಿಮಿಷ, ಗುರುತ್ವ ಅಲೆಗಳ ಲೆಕ್ಕದಂತೆ ಅದು ಕಡಿಮೆಯಾಗುತ್ತಲೂ ಇದೆ. 2030ರ ದಶಕದಲ್ಲಿ ಹಾರಿಸಲು ಯೋಜಿಸಿರುವ ಲಿಸಾ ವೀಕ್ಷಣಾಲಯ ಇಂಥ ಸಾವಿರಾರು ಜೋಡಿಗಳನ್ನು ನೇರವಾಗಿ ಅವುಗಳ ಅಲೆಗಳಿಂದಲೇ ಗುರುತಿಸುವ ನಿರೀಕ್ಷೆಯಿದೆ.